ದುಡಿಮೆಯ ಗಾಯವನ್ನು ಮುಚ್ಚಿಡಬೇಡಿ

(ಕಾಮಾಕ್ಷಿಪಾಳ್ಯದಲ್ಲಿ ಕಾರ್ಮಿಕ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಗಲ್ಲಿಗಳೊಳಗೆ ಕಾಲಿಟ್ಟವರಿಗೆ ಮೊದಲು ಕೇಳಿಸುವುದು ಯಂತ್ರದ ಸದ್ದು. ಕೆಳಗೆ ಶೆಡ್ಡು, ಮೇಲೆ ಮನೆ. ಒಂದು ಬಾಗಿಲಲ್ಲಿ ಪವರ್ ಪ್ರೆಸ್, ಇನ್ನೊಂದರಲ್ಲಿ ಲೇತ್, ಮತ್ತೊಂದರಲ್ಲಿ ಪ್ಲೇಟಿಂಗಿನ ತೊಟ್ಟಿ. ನಗರದ ವಾಹನಗಳಿಗೆ, ಬೀಗಗಳಿಗೆ, ವಿದ್ಯುತ್ ಸ್ವಿಚ್ಚುಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳು ಇಂತಹ ಶೆಡ್ಡುಗಳಲ್ಲಿ ತಯಾರಾಗುತ್ತವೆ. ಇಲ್ಲಿ ನೆರೆದಿರುವ ಅನೇಕರ ಮನೆಯ ಒಲೆ ಉರಿಯುವುದು ಈ ಯಂತ್ರಗಳ ಮುಂದೆ ನಿಂತ ಕೈಗಳಿಂದ.

ನಮ್ಮ ಸಭೆಗಳಲ್ಲಿ ವರದಕ್ಷಿಣೆಯ ಬಗ್ಗೆ, ಬಡ್ಡಿಯ ಬಗ್ಗೆ, ಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡುತ್ತೇವೆ. ಅವೆಲ್ಲ ಅಗತ್ಯವೇ. ಆದರೆ ಮನೆಗೆ ಅನ್ನ ತರುವ ಕೈಗೆ ಗಾಯವಾದಾಗ ಏನು ಮಾಡಬೇಕೆಂಬುದನ್ನು ನಾವು ಎಂದೂ ಚರ್ಚಿಸಿಲ್ಲ. ಇಂದು ಆ ಒಂದೇ ವಿಷಯದ ಮೇಲೆ ನಿಮ್ಮ ಗಮನ ಸೆಳೆಯಲು ಬಯಸುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲಿ ಹೇಳುವ ಸುಳ್ಳು

ಪ್ರೆಸ್ಸಿನಡಿ ಬೆರಳು ಸಿಕ್ಕಿದ ಯುವಕನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುತ್ತಾರೆ. ದಾರಿಯಲ್ಲಿಯೇ ಯಾರೋ ಕಿವಿಯಲ್ಲಿ ಹೇಳುತ್ತಾರೆ: ‘ಕೆಲಸದಲ್ಲಿ ಆಯಿತೆಂದು ಹೇಳಬೇಡ, ಪೊಲೀಸ್ ಕೇಸ್ ಆಗುತ್ತದೆ, ಬೈಕಿನಿಂದ ಬಿದ್ದೆ ಎಂದು ಹೇಳು. ಖರ್ಚು ಮಾಲಕರು ನೋಡಿಕೊಳ್ಳುತ್ತಾರೆ.’ ನೋವಿನಲ್ಲಿರುವವನು ತಲೆಯಾಡಿಸುತ್ತಾನೆ. ಜೊತೆಗೆ ಬಂದ ತಂದೆಯೂ ಒಪ್ಪುತ್ತಾನೆ. ವೈದ್ಯರು ಕೇಳುತ್ತಾರೆ, ಇವರು ಹೇಳುತ್ತಾರೆ, ಆಸ್ಪತ್ರೆಯ ಪುಸ್ತಕದಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಎಂದು ಬರೆಯಲಾಗುತ್ತದೆ.

ಆ ಒಂದು ಸಾಲಿನೊಂದಿಗೆ ಆ ಯುವಕನ ಹಕ್ಕಿನ ಬಾಗಿಲು ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ಮೊದಲ ವಾರ ಮಾಲಕನು ಔಷಧಿಗೆ ಹಣ ಕೊಡುತ್ತಾನೆ. ಎರಡನೆಯ ವಾರ ಫೋನ್ ಎತ್ತುವುದಿಲ್ಲ. ಎರಡು ತಿಂಗಳ ಬಳಿಕ ಆ ಸ್ಥಳದಲ್ಲಿ ಬೇರೊಬ್ಬ ಹುಡುಗ ನಿಂತಿರುತ್ತಾನೆ. ಆಗ ಮನೆಯವರು ನ್ಯಾಯ ಕೇಳಲು ಹೊರಟರೆ ಅವರ ವಿರುದ್ಧ ಸಾಕ್ಷಿ ನುಡಿಯುವುದು ಅವರೇ ಬರೆಸಿದ ಕಾಗದ.

ಸಹೋದರರೇ, ಸುಳ್ಳು ಸಾಕ್ಷಿಯನ್ನು ನಮ್ಮ ಧರ್ಮವು ಮಹಾಪಾಪಗಳ ಸಾಲಿಗೆ ಸೇರಿಸಿದೆ ಎಂಬುದು ನಮಗೆಲ್ಲ ತಿಳಿದಿದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಹೇಳುವ ಈ ಸುಳ್ಳನ್ನು ನಾವು ಉಪಕಾರವೆಂದು, ಮಾಲಕರ ಉಪ್ಪಿನ ಋಣವೆಂದು ಭಾವಿಸುತ್ತೇವೆ. ಇದು ಯಾರಿಗೆ ಮಾಡಿದ ಉಪಕಾರ?

ಒಂದು ಬೆರಳಿನ ಲೆಕ್ಕ

ಹತ್ತು ಸಾವಿರವೋ ಇಪ್ಪತ್ತು ಸಾವಿರವೋ ಕೈಗಿಟ್ಟು ‘ಇದು ನಮ್ಮ ಕಡೆಯಿಂದ ಸಹಾಯ’ ಎಂದು ಮುಗಿಸಲಾಗುವ ಒಂದು ಬೆರಳಿಗೆ ಕಾನೂನಿನಲ್ಲಿ ಎಷ್ಟು ಬೆಲೆಯಿದೆಯೆಂದು ನಾವೊಮ್ಮೆ ಲೆಕ್ಕ ಹಾಕೋಣ.

ನಮ್ಮ ದೇಶದಲ್ಲಿ ಕಾರ್ಮಿಕ ಪರಿಹಾರದ ಕಾಯಿದೆ ಬಂದದ್ದು 1923ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅದರ ಅನುಬಂಧದಲ್ಲಿ ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಕುಗ್ಗಿತೆಂದು ಪಟ್ಟಿಯೇ ಇತ್ತು. ಪೂರ್ತಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಿದ್ದರೂ ಇಂತಹ ಪಟ್ಟಿಯನ್ನೂ ಲೆಕ್ಕದ ಕ್ರಮವನ್ನೂ ಉಳಿಸಿಕೊಂಡಿದೆ.

ತಿಂಗಳಿಗೆ 15,000 ರೂಪಾಯಿ ದುಡಿಯುವ 25 ವರ್ಷದ ಒಬ್ಬ ಯುವಕನ ತೋರುಬೆರಳು ಪೂರ್ತಿ ಹೋಯಿತೆಂದು ಊಹಿಸಿಕೊಳ್ಳಿ. ಸಂಬಳದ ಶೇ. 60 ಎಂದರೆ 9,000 ರೂಪಾಯಿ. ಅದನ್ನು ಆ ವಯಸ್ಸಿಗೆ ನಿಗದಿಯಾಗಿರುವ 216.91 ಎಂಬ ಸಂಖ್ಯೆಯಿಂದ ಗುಣಿಸಿದರೆ 19,52,190 ರೂಪಾಯಿ. ಅದರ ಶೇ. 14 ಅಂದರೆ ಸುಮಾರು 2,73,000 ರೂಪಾಯಿ. ಹೆಬ್ಬೆರಳಾಗಿದ್ದರೆ 5,85,000ಕ್ಕೂ ಮಿಕ್ಕಿದ ಮೊತ್ತ. ಹತ್ತು ಸಾವಿರ ಪಡೆದು ‘ದೊಡ್ಡ ಮನಸ್ಸಿನ ಮಾಲಕ’ ಎಂದು ದುಆ ಮಾಡುತ್ತಾ ಮನೆಗೆ ಬರುವವನು ಎರಡೂವರೆ ಲಕ್ಷಕ್ಕೂ ಹೆಚ್ಚಿನ ತನ್ನ ಹಕ್ಕನ್ನು ಶೆಡ್ಡಿನಲ್ಲಿಯೇ ಬಿಟ್ಟು ಬಂದಿರುತ್ತಾನೆ.

ಪಟ್ಟಿಯ ಶೇಕಡಾವಾರಿಗೆ ಲೆಕ್ಕ ನಿಲ್ಲಬೇಕೆಂದೂ ಇಲ್ಲ. ಒಬ್ಬ ಬಡಗಿ ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲ್ಭಾಗದಿಂದ ಕಳೆದುಕೊಂಡ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ಅದು ಪ್ರಸಿದ್ಧವಾಗಿದೆ. ಒಂದೇ ಕೈಯಿಂದ ಬಡಗಿಯ ಕೆಲಸ ಮಾಡಲಾಗದು, ಆದುದರಿಂದ ಅವನ ಮಟ್ಟಿಗೆ ನಷ್ಟ ನೂರಕ್ಕೆ ನೂರು ಎಂಬ ನಿಲುವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅಷ್ಟೇ ಅಲ್ಲ, ಪರಿಹಾರ ಕೊಡುವ ಹೊಣೆ ಹುಟ್ಟುವುದು ಅಪಘಾತದ ದಿನದಿಂದಲೇ ಹೊರತು ಯಾರೋ ತೀರ್ಪು ಕೊಟ್ಟ ದಿನದಿಂದಲ್ಲ ಎಂದೂ ಹೇಳಿತು.

ಇಎಸ್‌ಐ ಇದ್ದರೆ

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಇಎಸ್‌ಐ ಇರಬೇಕು. ತಿಂಗಳ ಸಂಬಳ 21,000 ರೂಪಾಯಿವರೆಗಿನವರು ಅದರಲ್ಲಿ ಬರುತ್ತಾರೆಂದು 2017ರಲ್ಲಿ ಮಿತಿ ಹಾಕಲಾಯಿತು. 2019ರಿಂದ ಕಾರ್ಮಿಕನ ಸಂಬಳದಿಂದ ಕಡಿತವಾಗುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕ ಕಟ್ಟಬೇಕಾದುದು ಮೂರೂಕಾಲು ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೆ ಸಿಗುವುದನ್ನು ನೋಡಿ. ಚಿಕಿತ್ಸೆ ಉಚಿತ. ಗಾಯದಿಂದಾಗಿ ದುಡಿಯಲಾಗದ ದಿನಗಳಿಗೆ ಸಂಬಳದ ಶೇ. 90. ಅಂಗ ಶಾಶ್ವತವಾಗಿ ಊನವಾದರೆ ಊನದ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ತಿಂಗಳ ಹಣ. ಪ್ರಾಣ ಹೋದರೆ ಅವಲಂಬಿತರಿಗೆ ಪಿಂಚಣಿ. ಕಾಯಿಲೆಯ ಸೌಲಭ್ಯಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿದೆ. ಕೆಲಸದ ಗಾಯಕ್ಕೆ ಆ ನಿಯಮವಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ. ಇಎಸ್‌ಐನ ದೊಡ್ಡ ಆಸ್ಪತ್ರೆ ರಾಜಾಜಿನಗರದಲ್ಲಿದೆ, ಇಲ್ಲಿಂದ ದೂರವೇನಲ್ಲ.

ಆದರೆ ಕಾರ್ಡು ಎಲ್ಲಿದೆ? ಉತ್ತರ ಭಾರತದ ವಾಹನ ಬಿಡಿಭಾಗಗಳ ಘಟಕಗಳಲ್ಲಿ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆಯ ವರದಿಗಳು ಒಂದು ಕಹಿ ಸತ್ಯವನ್ನು ಮತ್ತೆ ಮತ್ತೆ ಹೇಳಿವೆ. ಗಾಯಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಎಸ್‌ಐ ಕಾರ್ಡ್ ಸಿಕ್ಕಿದ್ದು ಗಾಯವಾದ ಮೇಲೆ! ಕೆಲಸಕ್ಕೆ ಸೇರಿದ ದಿನ ಸಿಗಬೇಕಾದುದು ರಕ್ತ ಹರಿದ ಮೇಲೆ ಸಿಗುತ್ತದೆ. ನಮ್ಮ ಗಲ್ಲಿಗಳ ಸ್ಥಿತಿ ಇದಕ್ಕಿಂತ ಉತ್ತಮವೇ ಎಂಬುದನ್ನು ಈ ರಾತ್ರಿ ನಿಮ್ಮ ಮಗನ ಕಾರ್ಡ್ ಕೇಳಿ ನೀವೇ ತಿಳಿದುಕೊಳ್ಳಬಹುದು.

ಮಾಲಕ ನೋಂದಾಯಿಸಿಲ್ಲವೆಂದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ನಿಗಮವು ಕಾರ್ಮಿಕನಿಗೆ ಸಲ್ಲಬೇಕಾದುದನ್ನು ಕೊಟ್ಟು ಮಾಲಕನಿಂದ ವಸೂಲು ಮಾಡಬಹುದು. ಐದೇ ಮಂದಿಯ ಶೆಡ್ಡಾಗಿದ್ದು ಇಎಸ್‌ಐ ಅನ್ವಯವಾಗದಿದ್ದರೆ ನಾನು ಮೊದಲು ಹೇಳಿದ ಪರಿಹಾರದ ದಾರಿ ಇದೆ. ಎರಡು ವರ್ಷಗಳೊಳಗೆ ಅರ್ಜಿ ಹಾಕಬೇಕು. ‘ಇನ್ನು ಮುಂದೆ ಏನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದಾರೆಂದು ಹೆದರಬೇಡಿ. ಕಾನೂನು ಕೊಟ್ಟ ಪರಿಹಾರವನ್ನು ಬಿಟ್ಟುಕೊಡುವ ಖಾಸಗಿ ಒಪ್ಪಂದಕ್ಕೆ ಕಾನೂನಿನ ಮುಂದೆ ಬೆಲೆಯಿಲ್ಲ.

ವಿಧಿಯೆಂಬ ನೆಪ

‘ಹಣೆಯಲ್ಲಿ ಬರೆದಿತ್ತು, ಆಯಿತು’ ಎಂಬ ಮಾತನ್ನು ನಮ್ಮ ಹಿರಿಯರು ಸಮಾಧಾನಕ್ಕಾಗಿ ಹೇಳುತ್ತಾರೆ. ಅಲ್ಲಾಹನ ತೀರ್ಮಾನದಲ್ಲಿ ವಿಶ್ವಾಸವಿಡುವುದು ನಮ್ಮ ಈಮಾನಿನ ಭಾಗ. ನೊಂದ ಮನಸ್ಸಿಗೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಆದರೆ ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ಯವರ ಪಾಠವನ್ನು ಮದ್ರಸಾದ ಪುಟ್ಟ ಮಕ್ಕಳೂ ಕಲಿತಿದ್ದಾರೆ. ಪ್ರೆಸ್ಸಿಗೆ ಗಾರ್ಡ್ ಹಾಕುವುದು ಒಂಟೆಯನ್ನು ಕಟ್ಟುವ ಕೆಲಸ. ಅದನ್ನು ಮಾಡದೆ ‘ತಕ್ದೀರ್’ ಎನ್ನುವುದು ತವಕ್ಕುಲ್ ಅಲ್ಲ, ಬೇಜವಾಬ್ದಾರಿ.

ಇನ್ನೂ ಒಂದು ವಿಷಯವನ್ನು ಗಮನಿಸಿರಿ. ನಮ್ಮ ಫಿಕ್ಹ್ ಶಾಸ್ತ್ರದಲ್ಲಿ ಗಾಯದ ದಿಯತ್ ಕುರಿತು ಪ್ರತ್ಯೇಕ ಅಧ್ಯಾಯವೇ ಇದೆ. ಒಂದೊಂದು ಬೆರಳಿಗೆ ಹತ್ತು ಒಂಟೆಗಳು, ಅಂದರೆ ಒಂದು ಪ್ರಾಣದ ದಿಯತ್‌ನ ಹತ್ತನೆಯ ಒಂದು ಭಾಗವೆಂದು ಅಲ್ಲಿ ನಿಗದಿಯಾಗಿದೆ. ಹೆಬ್ಬೆರಳು, ಕಿರುಬೆರಳು ಎಂಬ ಭೇದವೂ ಇಲ್ಲ. ಇಂದಿನ ಕಾರ್ಖಾನೆಯ ಲೆಕ್ಕ ಬೇರೆ, ಆ ವಿಧಿಗಳ ಸಂದರ್ಭ ಬೇರೆ ಎಂಬುದು ನಿಜ. ಆದರೆ ಮನುಷ್ಯನ ಬೆರಳಿಗೆ ಬೆಲೆಯಿದೆ, ಅದು ಗಾಯಗೊಂಡವನ ಹಕ್ಕು, ಕೊಡುವವನ ಔದಾರ್ಯವಲ್ಲ ಎಂಬ ತತ್ವವನ್ನು ಶತಮಾನಗಳಿಂದ ಓದುತ್ತಾ ಬಂದ ಸಮುದಾಯ ನಮ್ಮದು. ಅಂಥವರೇ ತಮ್ಮ ಮಕ್ಕಳ ಬೆರಳುಗಳನ್ನು ಅಗ್ಗವಾಗಿ ಬಿಟ್ಟುಕೊಡುವುದು ಎಂತಹ ವಿಪರ್ಯಾಸ!

ಇದರಿಂದ ಹುಟ್ಟುವ ಇನ್ನೊಂದು ಅನ್ಯಾಯವಿದೆ. ಗಾಯಗೊಂಡವನ ಮನೆಯವರು ಸಹಾಯ ಕೇಳಿ ಮಸೀದಿಯ ಬಾಗಿಲಿಗೆ ಬರುತ್ತಾರೆ. ಜಮಾಅತಿನವರು ಝಕಾತ್ ನಿಧಿಯಿಂದ ಕೊಡುತ್ತಾರೆ. ಕೊಡಲೇಬೇಕು, ಹಸಿವು ಕಾಯುವುದಿಲ್ಲ. ಆದರೆ ಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳಬೇಕು: ‘ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ?’ ಇಲ್ಲವಾದರೆ ಮಾಲಕ ತೀರಿಸಬೇಕಾದ ಸಾಲವನ್ನು ನಾವು ಬಡವರ ಪಾಲಿನ ಹಣದಿಂದ ತೀರಿಸಿದಂತಾಗುತ್ತದೆ. ಹಕ್ಕಿನ ಹಣ ಬರಬೇಕಾದವನನ್ನು ದಾನದ ಸಾಲಿನಲ್ಲಿ ನಿಲ್ಲಿಸುವುದು ಅವನ ಮಾನಕ್ಕೂ ಪೆಟ್ಟು.

ತಪ್ಪು ಯಾರದು?

‘ಅವನದೇ ಅಜಾಗರೂಕತೆ, ಡೈಯೊಳಗೆ ಕೈ ಹಾಕಿದ’ ಎನ್ನುತ್ತಾರೆ. ಏಕೆ ಹಾಕಿದ? ಹಳೆಯ ಮಾದರಿಯ ಪವರ್ ಪ್ರೆಸ್ಸಿನಲ್ಲಿ ಪೆಡಲ್ ತುಳಿದು ಕ್ಲಚ್ಚಿನ ಕೀ ಹಿಡಿದುಕೊಂಡಿತೆಂದರೆ ಹೊಡೆತವನ್ನು ನಡುವೆ ನಿಲ್ಲಿಸಲಾಗದು. ಕೀ ಸವೆದಿದ್ದರೆ ಒಮ್ಮೆ ತುಳಿದದ್ದಕ್ಕೆ ಎರಡು ಬಾರಿ ಹೊಡೆಯುವುದುಂಟು. ಮೊದಲ ಹೊಡೆತ ಮುಗಿಯಿತೆಂದು ತುಂಡನ್ನು ತೆಗೆಯಲು ಕೈ ಹೋಗಿರುತ್ತದೆ, ಎರಡನೆಯದು ಬರುತ್ತದೆ. ಗಾರ್ಡ್ ಇದ್ದರೆ ಕೈ ಒಳಗೆ ಹೋಗುವುದೇ ಇಲ್ಲ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ವ್ಯವಸ್ಥೆಯಿದ್ದರೆ, ಪ್ರೆಸ್ ಇಳಿಯುವಾಗ ಕೈಗಳು ಡೈಯಿಂದ ದೂರವಿರುತ್ತವೆ. ದಿನದ ಲೆಕ್ಕ ಮುಗಿಯಬೇಕೆಂದು ಗಾರ್ಡ್ ಬಿಚ್ಚಿಸಿದವರು ಯಾರು? ಹನ್ನೆರಡನೆಯ ಗಂಟೆಯ ದುಡಿಮೆಯಲ್ಲಿ ಕಣ್ಣು ತೂಗಿದರೆ ತಪ್ಪು ಕಣ್ಣಿನದೇ? ಕಾರ್ಮಿಕನ ಸಾಮಾನ್ಯ ಅಜಾಗರೂಕತೆಯಿಂದ ಪರಿಹಾರದ ಹಕ್ಕು ಹೋಗುವುದಿಲ್ಲ. ಕುಡಿದು ಕೆಲಸ ಮಾಡಿದ್ದು, ಸುರಕ್ಷೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದು, ಗಾರ್ಡನ್ನು ತಾನೇ ಬೇಕೆಂದು ತೆಗೆದದ್ದು ಇಂತಹ ಕೆಲವೇ ಕಾರಣಗಳಿಗೆ ಅದನ್ನು ನಿರಾಕರಿಸಬಹುದು. ಸಾವು ಅಥವಾ ಪೂರ್ಣ ಅಂಗವೈಕಲ್ಯವಾದಾಗ ಆ ಕಾರಣಗಳೂ ನಿಲ್ಲುವುದಿಲ್ಲ.

ಹದಿನೈದು ಹದಿನಾರರ ಹುಡುಗರನ್ನು ‘ಕೆಲಸ ಕಲಿಯಲಿ’ ಎಂದು ಇಂತಹ ಯಂತ್ರಗಳ ಮುಂದೆ ನಿಲ್ಲಿಸುವ ತಂದೆತಾಯಂದಿರಿಗೂ ಒಂದು ಮಾತು. 2016ರ ತಿದ್ದುಪಡಿಯ ಬಳಿಕ ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಅಪರಾಧ. ಆದರೂ ಗಾಯವಾಗಿಬಿಟ್ಟಿದ್ದರೆ, ವಯಸ್ಸು ಚಿಕ್ಕದೆಂಬ ಭಯದಿಂದ ಮುಚ್ಚಿಡಬೇಡಿ. ಪರಿಹಾರದ ಹಕ್ಕು ಆ ಮಗುವಿಗೂ ಇದೆ.

ಮಾಲಕರೊಡನೆ, ಸರಕಾರದೊಡನೆ

ಈ ಸಭೆಯಲ್ಲಿ ಸಣ್ಣ ಶೆಡ್ಡುಗಳ ಮಾಲಕರೂ ಇದ್ದಾರೆ. ದೊಡ್ಡ ಕಂಪೆನಿಗಳು ಬೆಲೆ ಹಿಂಡುತ್ತವೆ, ಬಿಲ್ಲಿನ ಹಣ ತಿಂಗಳುಗಟ್ಟಲೆ ಬರುವುದಿಲ್ಲ, ಬಾಡಿಗೆ, ವಿದ್ಯುತ್ ಎಲ್ಲ ಏರುತ್ತಿವೆ. ನಿಮ್ಮ ಕಷ್ಟವನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಲೆಕ್ಕದಿಂದಲೇ ನೋಡಿ. ಇಎಸ್‌ಐ ಕಟ್ಟಿದ್ದರೆ ಗಾಯದ ಪರಿಹಾರ ನಿಗಮದ ಹೊಣೆ. ಕಟ್ಟದಿದ್ದರೆ ಲಕ್ಷಗಳ ಹೊಣೆ ನಿಮ್ಮ ತಲೆಯ ಮೇಲೆ, ತಿಂಗಳು ಮೀರಿದರೆ ಶೇ. 12ರ ಬಡ್ಡಿ ಬೇರೆ, ಸಕಾರಣವಿಲ್ಲದೆ ತಡಮಾಡಿದರೆ ದಂಡ ಬೇರೆ. ಬಡ್ಡಿಯಿಂದ ದೂರವಿರಬೇಕೆನ್ನುವವರು ಈ ಬಡ್ಡಿಯನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಹತ್ತಕ್ಕಿಂತ ಕಡಿಮೆ ಮಂದಿಯಿದ್ದರೂ ಒಪ್ಪಿಗೆಯಿಂದ ಇಎಸ್‌ಐಗೆ ಸೇರುವ ಅವಕಾಶ ಹೊಸ ಸಂಹಿತೆಯಲ್ಲಿದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಬೋಧನೆಯನ್ನು ಎಲ್ಲರೂ ನೆನಪಿಡುತ್ತೇವೆ. ರಕ್ತ ಹರಿದಾಗ ಅದನ್ನು ಮರೆಯುವುದು ಹೇಗೆ?

ಸರಕಾರದ ಪಾಲನ್ನೂ ಹೇಳದಿರಲಾಗದು. ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿದ್ದರೆ ಹಳೆಯ ಕಾಯಿದೆಯಡಿ ಅದು ಕಾರ್ಖಾನೆ. ಈಗ ಜಾರಿಗೆ ಬಂದಿರುವ ವೃತ್ತಿ ಸುರಕ್ಷತಾ ಸಂಹಿತೆಯಡಿ ಇಪ್ಪತ್ತು ಮಂದಿ ಇರಬೇಕು. ಹತ್ತೊಂಬತ್ತು ಮಂದಿಯ ಶೆಡ್ಡು ಇನ್ನು ಕಾರ್ಖಾನೆಯಲ್ಲ! ನಮ್ಮ ಗಲ್ಲಿಗಳಲ್ಲಿ ಇಪ್ಪತ್ತು ಮಂದಿಯ ಶೆಡ್ಡುಗಳೆಷ್ಟು? ಕರ್ನಾಟಕವು 2023ರಲ್ಲಿ ತಿದ್ದುಪಡಿ ತಂದು ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಏರಿಸಲು ಅನುವು ಮಾಡಿಕೊಟ್ಟಿತು. ಅಪಾಯ ಹೆಚ್ಚಿರುವ ಕಡೆಯೇ ಕಣ್ಗಾವಲು ಕಡಿಮೆಯಾಗುವುದು ಯಾವ ನ್ಯಾಯ? ಮತ ಕೇಳಲು ಬರುವವರಿಗೆ ಚರಂಡಿ, ರಸ್ತೆಗಳ ಜೊತೆ ಈ ಪ್ರಶ್ನೆಯನ್ನೂ ಕೇಳಿರಿ.

2021ರ ಆಗಸ್ಟಿನಲ್ಲಿ ಇದೇ ಮಾಗಡಿ ರಸ್ತೆಯ ಗೋಪಾಲಪುರದಲ್ಲಿ ತಿಂಡಿ ತಯಾರಿಸುವ ಘಟಕದ ಬಾಯ್ಲರ್ ಸಿಡಿದು ಬಿಹಾರದಿಂದ ದುಡಿಯಲು ಬಂದಿದ್ದ ಯುವಕರು ಸತ್ತಾಗ ಪತ್ರಿಕೆಗಳು ಬರೆದವು. ಬಾಂಗ್ಲಾದೇಶದಲ್ಲಿ 2013ರ ಎಪ್ರಿಲ್ 24ರಂದು ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಮಿಕ್ಕಿ ಜನರು ಸತ್ತಾಗ ಲೋಕವೇ ತಲ್ಲಣಿಸಿತು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಕಾರ್ಮಿಕರನ್ನು ಒಳಗೆ ಕಳುಹಿಸಲಾಗಿತ್ತು. ಹಲವು ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ದೊಡ್ಡ ದುರಂತಗಳು ಸುದ್ದಿಯಾಗುತ್ತವೆ. ಒಂದು ಬೆರಳು ಸುದ್ದಿಯಾಗುವುದಿಲ್ಲ. ಅದನ್ನು ದಾಖಲಿಸುವ ಹೊಣೆ ನಮ್ಮ ಮೇಲೆಯೇ ಇದೆ.

ಮೊದಲ ದಿನದ ಕೆಲಸ

ಈಗ ವಿಶೇಷವಾಗಿ ತಾಯಂದಿರೊಡನೆ, ಪತ್ನಿಯರೊಡನೆ ಮಾತನಾಡುತ್ತೇನೆ. ಏಕೆಂದರೆ ಸುದ್ದಿ ಕೇಳಿ ಆಸ್ಪತ್ರೆಗೆ ಓಡುವವರು ನೀವೇ.

ತುಂಡಾದ ಬೆರಳನ್ನು ಎಸೆಯಬೇಡಿ, ನೇರವಾಗಿ ಮಂಜುಗಡ್ಡೆಯ ಮೇಲೆಯೂ ಇಡಬೇಡಿ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಕೂಡಲೇ ಕೊಂಡೊಯ್ಯಿರಿ. ಬೇಗ ತಲುಪಿದರೆ ಮತ್ತೆ ಜೋಡಿಸುವ ಸಾಧ್ಯತೆಯಿದೆ. ಪ್ಲೇಟಿಂಗಿನ ಆಮ್ಲ ಕಣ್ಣಿಗೆ ಸಿಡಿದರೆ ಆಸ್ಪತ್ರೆಗೆ ಹೊರಡುವ ಮೊದಲು ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆಯಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಕಾಫಿ ಪುಡಿ ಹಚ್ಚಬಾರದು, ತಣ್ಣೀರು ಹಾಕಬೇಕು. ವಿದ್ಯುತ್ ತಗಲಿದವನನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ ಆರಿಸಬೇಕು.

ಆಸ್ಪತ್ರೆಯಲ್ಲಿ ಸತ್ಯವನ್ನೇ ಹೇಳಿರಿ: ಯಾವ ಶೆಡ್ಡು, ಯಾವ ಯಂತ್ರ, ಎಷ್ಟು ಹೊತ್ತಿಗೆ. ಎಂ.ಎಲ್.ಸಿ. ಎಂದು ದಾಖಲಿಸುತ್ತಾರೆ. ಅದರಿಂದ ಗಾಯಗೊಂಡವನಿಗೆ ಯಾವ ತೊಂದರೆಯೂ ಇಲ್ಲ, ಅದು ಅವನ ರಕ್ಷಣೆ. ಬರೆದದ್ದನ್ನು ಓದಿಸಿಕೊಳ್ಳಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಅದೇ ದಿನ ಮಾಲಕರಿಗೆ ವಾಟ್ಸ್ಆ್ಯಪಿನಲ್ಲಿ ಮರ್ಯಾದೆಯಿಂದಲೇ ನಾಲ್ಕು ಸಾಲು ಕಳುಹಿಸಿರಿ: ‘ಇಂದು ಇಷ್ಟು ಗಂಟೆಗೆ ನಿಮ್ಮಲ್ಲಿ ಕೆಲಸ ಮಾಡುವಾಗ ಇಂತಹ ಯಂತ್ರದಲ್ಲಿ ಗಾಯವಾಗಿದೆ.’ ದಿನಾಂಕ ತಾನಾಗಿ ಉಳಿಯುತ್ತದೆ. ಸಂಬಳ ಫೋನಿನಲ್ಲಿ ಬಂದ ದಾಖಲೆ, ಕೆಲಸದ ಸ್ಥಳದ ಫೋಟೋ, ಜೊತೆಗಿದ್ದವರ ಹೆಸರು ಎಲ್ಲವನ್ನೂ ಜೋಪಾನವಾಗಿಡಿ. ಇಎಸ್‌ಐ ಇದ್ದರೆ ಮಾಲಕರು ಅಪಘಾತದ ವರದಿಯನ್ನು ಕಳುಹಿಸಿದ್ದಾರೆಯೇ ಎಂದು ವಿಚಾರಿಸಿರಿ. ವಕೀಲರ ಖರ್ಚಿಗೆ ಹೆದರಬೇಡಿ. ಕಾರ್ಖಾನೆ ಕಾರ್ಮಿಕರಿಗೂ ಮಹಿಳೆಯರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ, ಅದರ ಸಹಾಯವಾಣಿ 15100.

ಜಮಾಅತಿನ ಹಿರಿಯರಲ್ಲಿ ಒಂದು ಕೋರಿಕೆ. ಓದಿದ ಇಬ್ಬರು ಯುವಕರಿಗೆ, ಇಬ್ಬರು ಯುವತಿಯರಿಗೆ ಈ ಅರ್ಜಿಗಳನ್ನು ತುಂಬುವ ಕೆಲಸ ಕಲಿಸಿರಿ. ವಾರಕ್ಕೊಮ್ಮೆ ಅಸರ್ ಬಳಿಕ ಒಂದು ಗಂಟೆ ಅವರು ಮಸೀದಿಯ ಜಗಲಿಯಲ್ಲಿ ಕುಳಿತರೆ ಸಾಕು. ಬರುವವನು ಮುಸ್ಲಿಮನೋ ಹಿಂದುವೋ, ರಾಯಚೂರಿನವನೋ ಬಿಹಾರದವನೋ ಎಂದು ಕೇಳಬೇಡಿ. ಯಂತ್ರ ಯಾರ ಬೆರಳನ್ನು ಕತ್ತರಿಸುವಾಗಲೂ ಹೆಸರು ಕೇಳುವುದಿಲ್ಲ.

ಕೈ ಹೋದವನಿಗೆ ಕೈಯನ್ನು ಮರಳಿ ಕೊಡಲು ನಮ್ಮಿಂದಾಗದು. ಆದರೆ ಅವನ ಗಾಯ ಕೆಲಸದ ಗಾಯವೆಂದು ಅಂದೇ ಬರೆಸಲು ನಮ್ಮಿಂದಾಗುತ್ತದೆ. ಅಷ್ಟನ್ನು ಮಾಡೋಣ. ದುಡಿಯುವ ಎಲ್ಲ ಕೈಗಳನ್ನೂ ಅಲ್ಲಾಹನು ಕಾಪಾಡಲಿ.